ವಾಸನೆ ಹೇಗಿತ್ತು, ಅದನ್ನು ಬರೆ

ಸೆಪ್ಟೆಂಬರ್ 4

ತಮ್ಮನಿಗೆ,

ತಲೆಯ ಹೊಲಿಗೆ ಬಿಚ್ಚಿದರು. ಏಳು ಇದ್ದವು. ನೆಲಮಾಳಿಗೆಯ ಮೆಟ್ಟಿಲಿಗೆ ಬಲ್ಬು ಹಾಕಿಸು ಎಂದು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದವನು ನೀನು, ಈಗ ಸಮಾಧಾನವಾಗಿರಬೇಕು. ಇನ್ನು ಎರಡು ತಿಂಗಳು ಈ ಚಿಕ್ಕಮ್ಮನ ಮನೆಯಲ್ಲೇ ಬಿದ್ದಿರಬೇಕಂತೆ. ಫೋನು ಮುಟ್ಟುವಂತಿಲ್ಲ, ಅದರ ಬೆಳಕಿಗೆ ತಲೆ ಸಿಡಿಯುತ್ತದೆ. ಒಳ್ಳೆಯದೇ ಆಯಿತು. ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ದಿನಕ್ಕೊಂದು ಪುಟ ಬರೆಯಬಹುದು ಎಂದಿದ್ದಾರೆ. ಚಿಕ್ಕಮ್ಮ ಕಾವಲಿಗೆ ಕೂತಿದ್ದಾಳೆ.

ನನ್ನ ಊಟದ ಕೌಂಟರ್ ಮುಚ್ಚದೆ ನಡೆಸಲು ನೀನು ಒಪ್ಪಿಕೊಂಡೆ, ಅದಕ್ಕೆ ಋಣಿ. ಆದರೆ ಮೂವತ್ತನಾಲ್ಕು ವರ್ಷ ಜಮೀನು ಅಳೆದ ಮೋಜಣಿದಾರನ ಕೈಗೆ ಅಡುಗೆಮನೆ ಕೊಟ್ಟು ಬಂದೆನಲ್ಲ ಎಂದು ನೆನೆದರೆ ಒಡೆದ ತಲೆ ಇನ್ನೊಮ್ಮೆ ಒಡೆಯುತ್ತದೆ. ಬ್ರೆಡ್ಡು ಬೇಕರಿಯಿಂದ ಬರುತ್ತದೆ. ಸೂಪು ಕುದಿಸಲು ನಿನಗೂ ಬರುತ್ತದೆ. ಚಿಂತೆ ಇರುವುದು ಸಲಾಡಿನದು. ಹನ್ನೆರಡೂವರೆಗೆ ಆ ವಿಮಾ ಕಚೇರಿಯ ನಾಲ್ಕು ಮಹಡಿಯ ಜನ ಕೆಳಗಿಳಿದು ಬರುವುದು ಅದಕ್ಕೇ.

ಬೀಟ್‌ರೂಟನ್ನು ಸಿಪ್ಪೆ ಸಮೇತ ತೊಳೆದು, ಒಂದೊಂದನ್ನೂ ಫಾಯಿಲ್ ಹಾಳೆಯಲ್ಲಿ ಸುತ್ತಿ ಓವನ್ನಿಗಿಡು. ಇನ್ನೂರು ಡಿಗ್ರಿ, ಐವತ್ತೈದು ನಿಮಿಷ. ಸೋಂಪಿನ ಗೆಡ್ಡೆ (ಕಾಳಲ್ಲ, ಬುಡದಲ್ಲಿ ಈರುಳ್ಳಿಯಂತೆ ಬೆಳ್ಳಗೆ ಉಬ್ಬಿರುತ್ತದಲ್ಲ, ಅದು) ಉದ್ದಕ್ಕೆ ಎಂಟು ಹೋಳು ಮಾಡಿ, ಎಣ್ಣೆ ಉಪ್ಪು ಸವರಿ ಮೂವತ್ತೆರಡು ನಿಮಿಷ ಸುಡು. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಬೇಡ. ಬಡಿಸುವಾಗ ಮಾತ್ರ ಸೇರಬೇಕು. ಬೀಟ್‌ರೂಟ್ ಬಿಸಿಯಿರುವಾಗಲೇ ಕಿತ್ತಳೆ ರಸ, ವಿನೆಗರ್. ಸೋಂಪಿನ ಎಳೆ ಸೊಪ್ಪು ಕೊನೆಗೆ.

ಪಾತ್ರೆಗೆ ಗುಬ್ಬಿ ಇದ್ದಾಳೆ. ಆರು ವರ್ಷದಿಂದ ಸಿಂಕಿನ ಮುಂದೆ ನಿಂತವಳು, ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತೆ ಮಾತು ಕಡಿಮೆ. ಸೊಪ್ಪು ತೊಳೆಯಲು ಬೇಕಾದರೆ ಕರೆ. ಒಲೆಯ ಹತ್ತಿರ ಬೇಡ.

ಮಾಡಿದ ಮೇಲೆ ವಾಸನೆ ಹೇಗಿತ್ತು ಎಂದು ಬರೆ.

ನಿನ್ನ ಅಕ್ಕ

ಸೆಪ್ಟೆಂಬರ್ 9

ಅಕ್ಕ,

ಮೊದಲ ದಿನದ ವರದಿ. ಒಂದೂವರೆ ಸೆಂಟಿಮೀಟರ್ ಅಳತೆಯ ಬೀಟ್‌ರೂಟ್ ತುಂಡುಗಳು. ಸ್ಕೇಲ್ ಇಟ್ಟು ಕತ್ತರಿಸಿದೆ, ಒಂದೂ ಹೆಚ್ಚುಕಡಿಮೆ ಇಲ್ಲ. ಆಮೇಲೆ ಜಾಗ ಉಳಿಯಲಿ ಎಂದು ಸೋಂಪನ್ನೂ ಅದೇ ಬೋಗುಣಿಗೆ ಸುರಿದೆ. ಹತ್ತು ನಿಮಿಷದಲ್ಲಿ ಎಲ್ಲವೂ ಗುಲಾಬಿ. ಎರಡನೇ ಮಹಡಿಯ ಟೈಪಿಸ್ಟ್ ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, "ಸಾರ್, ಇದ್ರಲ್ಲಿ ಯಾವ್ದು ಯಾವ್ದು?" ಎಂದು ಕೇಳಿದರು. ನಾನು ಗೊತ್ತಿದ್ದವನ ಹಾಗೆ ಎರಡನ್ನು ತೋರಿಸಿದೆ. ಎರಡೂ ಬೀಟ್‌ರೂಟೇ ಆಗಿದ್ದವು.

ಎರಡನೇ ದಿನದಿಂದ ಬೇರೆ ಬೇರೆ ಇಟ್ಟಿದ್ದೇನೆ. ಬೈಯಬೇಡ.

ಒಂದು ಮಾತು. ನಾನು ಎಂದಾದರೂ ನಿನ್ನ ಅಡುಗೆಮನೆಯಲ್ಲಿ ಗಡಿಯಾರ ನೋಡಿದರೆ, "ಗಡಿಯಾರ ತಿನ್ನಲ್ಲ ಕಣೋ, ಮೂಗಿಟ್ಟು ನೋಡು" ಎಂದು ಗದರುತ್ತಿದ್ದವಳು ನೀನು. ಈಗ ನೋಡಿದರೆ ಮೂವತ್ತೆರಡು ನಿಮಿಷ ಎಂದು ಬರೆದಿದ್ದೀಯ. ಮೂವತ್ತೂ ಅಲ್ಲ, ಮೂವತ್ತೈದೂ ಅಲ್ಲ. ನಾನು ಅಷ್ಟು ದಡ್ಡ ಎಂದೇ?

ವಾಸನೆ: ಚೆನ್ನಾಗಿತ್ತು.

ತಮ್ಮ

ಸೆಪ್ಟೆಂಬರ್ 12

ತಮ್ಮ,

"ಚೆನ್ನಾಗಿತ್ತು." ಪುಣ್ಯಾತ್ಮ, ಇದನ್ನು ಬರೆಯಲು ಒಂದು ಅಂಚೆಚೀಟಿ ಹಾಳು ಮಾಡಿದೆಯಲ್ಲ! ಹೆಣ್ಣು ನೋಡಲು ಹೋದವರು ಚಹಾ ಕುಡಿದು ಹೇಳುವ ಮಾತು ಅದು.

ನಾನು ಕೇಳಿದ್ದು ವಾಸನೆ. ಓವನ್ ಬಾಗಿಲು ತೆಗೆದಾಗ ಮುಖಕ್ಕೆ ಏನು ಹೊಡೆಯಿತು? ಹತ್ತನೇ ನಿಮಿಷಕ್ಕೆ ಏನಿತ್ತು, ಇಪ್ಪತ್ತಕ್ಕೆ ಏನಾಯಿತು, ತೆಗೆಯುವಾಗ ಏನು? ಫಾಯಿಲ್ ಬಿಚ್ಚಿದಾಗ ಬೀಟ್‌ರೂಟಿನದು? ಸುಮ್ಮನೆ ಕೇಳುತ್ತಿಲ್ಲ. ಇದು ಕೆಲಸದ ಪ್ರಶ್ನೆ. ಬಿಡಿಸಿ ಬಿಡಿಸಿ ಬರೆ.

ಸ್ಕೇಲನ್ನು ಅಡುಗೆಮನೆಯಿಂದ ಆಚೆ ಹಾಕು. ಚಮಚದಲ್ಲಿ ಕೂರುವಷ್ಟು ದೊಡ್ಡದಿದ್ದರೆ ಸಾಕು. ಅದು ಸೈಟಲ್ಲ, ಊಟ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತಿಲ್ಲ ಎಂದು ಚಿಕ್ಕಮ್ಮ ನಿನಗೆ ದೂರು ಹೇಳಿದರೆ ನಂಬಬೇಡ.

ಅಕ್ಕ

ಸೆಪ್ಟೆಂಬರ್ 17

ಅಕ್ಕ,

ಕೇಳಿದ್ದೀಯ, ತಗೋ.

ಹತ್ತನೇ ನಿಮಿಷ: ಏನೂ ಇಲ್ಲ. ಇಪ್ಪತ್ತನೇ ನಿಮಿಷ: ಸೋಂಪಿನ ವಾಸನೆ. ಮೂವತ್ತನೇ ನಿಮಿಷ: ಸೋಂಪಿನ ವಾಸನೆ, ಸ್ವಲ್ಪ ಜಾಸ್ತಿ. ಮೂವತ್ತೆರಡನೇ ನಿಮಿಷ: ಬಲಗಡೆಯವು ಕರಿ, ಎಡಗಡೆಯವು ಹಸಿ. ಬೀಟ್‌ರೂಟ್: ಬೀಟ್‌ರೂಟಿನ ವಾಸನೆ.

ಇದಕ್ಕಿಂತ ಬಿಡಿಸಿ ಬರೆಯಲು ನನ್ನಿಂದಾಗದು. ಪರೀಕ್ಷೆ ಇಡುತ್ತಿದ್ದೀಯ ಎಂದು ಗೊತ್ತು. ನಾನು ಫೇಲಾಗಿದ್ದೇನೆ ಎಂದು ಬರೆದು ಮುಗಿಸಿಬಿಡು.

ಆದರೆ ಒಂದು ಕೆಲಸ ಮಾಡಿದ್ದೇನೆ. ಭಾನುವಾರ ಓವನ್ ತುಂಬ ಬ್ರೆಡ್ ಹೋಳು ಜೋಡಿಸಿ ಸುಟ್ಟೆ. ಯಾವ ಹೋಳು ಎಷ್ಟು ಕಂದಾಯಿತು ಎಂದು ನೋಡಿ ನಕ್ಷೆ ಬರೆದೆ. ಬಲಗಡೆಯ ಹಿಂದಿನ ಮೂಲೆ ಉರಿಯುತ್ತದೆ, ಎಡಗಡೆಯ ಮುಂಭಾಗ ತಣ್ಣಗಿದೆ. ಹದಿನೆಂಟು ವರ್ಷ ಈ ಓವನ್ನಿನಲ್ಲಿ ಹೇಗೆ ಮಾಡಿದೆ ನೀನು? ನಕ್ಷೆಯ ಪ್ರತಿ ಇದರ ಜೊತೆಗಿದೆ.

ತಮ್ಮ

ಸೆಪ್ಟೆಂಬರ್ 20

ತಮ್ಮ,

ಓವನ್ನಿನ ನಕ್ಷೆ ತಲುಪಿತು. ಚಿಕ್ಕಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮನೆ ಕಟ್ಟಿಸ್ತಿದಾನಾ?" ಎಂದಳು.

ಹೇಗೆ ಮಾಡಿದೆ ಎಂದು ಕೇಳುತ್ತೀಯ. ಅರ್ಧದಲ್ಲಿ ತಟ್ಟೆ ತಿರುಗಿಸುತ್ತಿದ್ದೆ. ಯಾವಾಗ ತಿರುಗಿಸಬೇಕು ಎಂದು ವಾಸನೆಯೇ ಹೇಳುತ್ತಿತ್ತು. ಬೆನ್ನು ಹಾಕಿ ಬ್ರೆಡ್ ಕತ್ತರಿಸುತ್ತಿದ್ದರೂ ಹೇಳುತ್ತಿತ್ತು. ಆ ಗಳಿಗೆಯನ್ನೇ ನಾನು ಬರೆ ಎಂದದ್ದು, ನೀನು "ಸೋಂಪಿನ ವಾಸನೆ, ಸ್ವಲ್ಪ ಜಾಸ್ತಿ" ಎಂದು ಬರೆದೆ. ಬೇಲಿ ಒಂದು ಗೇಣು ಆಚೆ ಸರಿದರೆ ದೂರದಿಂದಲೇ ಹಿಡಿಯುತ್ತಿದ್ದ ಮನುಷ್ಯ! ಕಣ್ಣಿಗೆ ಕೊಟ್ಟದ್ದನ್ನೆಲ್ಲ ದೇವರು ಮೂಗಿನಿಂದ ಕಿತ್ತುಕೊಂಡನೇ?

ನಿನಗೆ ಹೇಳುವುದೂ ಒಂದೇ, ಈ ಕಿಟಕಿಗೆ ಹೇಳುವುದೂ ಒಂದೇ. ಕಿಟಕಿಯಾದರೂ ಎದುರು ಪತ್ರ ಬರೆಯುವುದಿಲ್ಲ.

ಇನ್ನೊಮ್ಮೆ ಪ್ರಯತ್ನಿಸು. ದಮ್ಮಯ್ಯ.

ಅಕ್ಕ

ಸೆಪ್ಟೆಂಬರ್ 28

ಅಕ್ಕ,

ಈ ಸಲ ಸರಿಯಾಗಿ ಬರೆಯುತ್ತೇನೆ.

ಸೋಂಪು ಇಟ್ಟ ಹೊಸದರಲ್ಲಿ ಹುಲ್ಲು ಕೊಯ್ದ ಕೈ ಮೂಸಿದ ಹಾಗೆ. ಸ್ವಲ್ಪ ಹೊತ್ತಿಗೆ ಮಕ್ಕಳ ಕೆಮ್ಮಿನ ಔಷಧದ ಮುಚ್ಚಳ ತೆಗೆದ ಹಾಗೆ, ಮೂಗಿನ ತುದಿಯಲ್ಲೇ ನಿಲ್ಲುತ್ತದೆ. ಆಮೇಲೆ ಔಷಧ ಹೊರಟುಹೋಗಿ, ಹಾಲಿನ ಪಾತ್ರೆಯ ಅಂಚಿಗೆ ಹಿಡಿದ ಕೆನೆ ಕಂದಾದ ಹಾಗೆ ಆಗುತ್ತದೆ. ತಟ್ಟೆ ತಿರುಗಿಸುವುದು ಆಗಲೇ. ಕೆನೆ ಹೋಗಿ ಸಕ್ಕರೆ ಬಂದರೆ ತೆಗೆಯಬೇಕು. ಸಕ್ಕರೆ ಗಂಟಲಿಗೆ ಇಳಿದರೆ ತಡವಾಯಿತು ಎಂದೇ ಲೆಕ್ಕ.

ಬೀಟ್‌ರೂಟ್ ಫಾಯಿಲ್ ಬಿಚ್ಚಿದಾಗ, ಗೆಡ್ಡೆ ಕಿತ್ತ ಗುಂಡಿಗೆ ಮುಖ ಇಟ್ಟ ಹಾಗೆ. ಆದರೆ ಗುಂಡಿ ಬೆಚ್ಚಗಿದೆ.

ಸಲಾಡ್ ಒಂದು ಗಂಟೆಗೇ ಖಾಲಿಯಾಗುತ್ತಿದೆ. ಟೈಪಿಸ್ಟ್ ಮೇಡಂ ಎರಡು ಸಲ ಬಂದರು.

ತಮ್ಮ

ಅಕ್ಟೋಬರ್ 2

ತಮ್ಮ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಚಿಕ್ಕಮ್ಮ ಮಲಗಿದ ಮೇಲೆ ಕದ್ದು ಐದನೇ ಸಲ ಓದಿದೆ.

ಈಗ ಹೇಳು, ಇದನ್ನು ಯಾವ ಪತ್ರಿಕೆಯಿಂದ ನಕಲು ಹೊಡೆದೆ? ನಿನ್ನನ್ನು ತೊಟ್ಟಿಲಿನಿಂದ ನೋಡಿದ್ದೇನೆ. ನಮ್ಮಮ್ಮ ತೀರಿಕೊಂಡಾಗ ಊರಿನವರಿಗೆಲ್ಲ ನೀನು ಬರೆದ ಪತ್ರದಲ್ಲಿ ಒಂದೂವರೆ ಸಾಲಿತ್ತು. "ಗುಂಡಿ ಬೆಚ್ಚಗಿದೆ" ಎಂದು ಬರೆಯುವ ಕೈ ನಿನ್ನದಲ್ಲ. ಹುಲ್ಲನ್ನು ನೀನು ಜನ್ಮದಲ್ಲಿ ಕೊಯ್ದಿಲ್ಲ, ಅದರ ಮೇಲೆ ಅಳತೆಯ ಸರಪಳಿ ಎಳೆದಿದ್ದೀಯ ಅಷ್ಟೇ.

ಸುಳ್ಳು ಹೇಳಬೇಡ. ನನಗೆ ಸುಳ್ಳು ಬೇಡದ ಕಾಲ ಇದು.

ಅಕ್ಕ

ಅಕ್ಟೋಬರ್ 6

ಅಕ್ಕ,

ಸಿಕ್ಕಿಬಿದ್ದೆ. ಅದು ಗುಬ್ಬಿಯ ಮಾತು. ಅವಳು ಹೇಳಿದ್ದನ್ನು ಬರೆದುಕೊಂಡೆ.

ಮೂರನೇ ವಾರ ಒಂದು ಬೆಳಿಗ್ಗೆ ನಾನು ಕೈಗಡಿಯಾರ ಹಿಡಿದು ಓವನ್ ಮುಂದೆ ನಿಂತಿದ್ದೆ. ಅವಳು ಸಿಂಕಿನ ಕಡೆ ತಿರುಗಿ ಬಾಣಲೆ ಉಜ್ಜುತ್ತಿದ್ದಳು. ತಿರುಗದೆಯೇ, "ಸಾರ್, ಈಗ ತೆಗೀರಿ" ಎಂದಳು. ಇನ್ನೂ ಆರು ನಿಮಿಷ ಇತ್ತು. "ಟೈಮಾಗಿಲ್ಲಮ್ಮ" ಎಂದೆ. "ಟೈಮು ಗೊತ್ತಿಲ್ಲ ಸಾರ್. ಆಗಿದೆ" ಎಂದಳು. ತೆಗೆದು ನೋಡಿದರೆ ನಿನ್ನ ಕಾಲದ ಬಣ್ಣ. ಆರು ವರ್ಷ ಓವನ್ನಿಗೆ ಬೆನ್ನು ಹಾಕಿ ನಿಂತು ಮೂಗಿನಲ್ಲೇ ಕಲಿತಿದ್ದಾಳೆ.

ಮಾರನೆಯ ದಿನದಿಂದ ಸಲಾಡ್ ಅವಳದೇ. ಪಾತ್ರೆ ತೊಳೆಯುವವನು ನಾನು. ಸತ್ಯವಾಗಿಯೂ ಹೇಳುತ್ತೇನೆ, ಪಾತ್ರೆ ನನಗೆ ಒಗ್ಗಿದೆ.

ನಿನಗೆ ಮುಂಚೆಯೇ ಏಕೆ ಹೇಳಲಿಲ್ಲ ಎಂದು ಕೇಳಬೇಡ. ಹೋದ ವರ್ಷ ಅವಳು ಒಂದು ಚಿಟಿಕೆ ಉಪ್ಪು ಹಾಕಿದ್ದಕ್ಕೆ, ಊಟದ ಸಾಲಿನಲ್ಲಿ ನಿಂತವರ ಎದುರಿಗೇ, "ನಿನ್ನ ಕೈ ಇರೋದು ಪಾತ್ರೆಗೆ" ಎಂದಿದ್ದೆಯಂತೆ. ಅವಳು ಹೇಳಲಿಲ್ಲ. ಟೈಪಿಸ್ಟ್ ಮೇಡಂ ಹೇಳಿದರು.

ತಮ್ಮ

ಅಕ್ಟೋಬರ್ 10

ತಮ್ಮ,

ಇದರ ಜೊತೆ ಇನ್ನೊಂದು ಲಕೋಟೆ ಇದೆ. ಅದನ್ನು ಕಟ್ಟಡದ ಕಚೇರಿಗೆ ಕೊಡು. ತಿಂಗಳ ಕೊನೆಗೆ ಕೌಂಟರ್ ಬಿಟ್ಟುಕೊಡುತ್ತಿದ್ದೇನೆ. ಓವನ್, ಮೇಜು, ಪಾತ್ರೆಗಳನ್ನು ಯಾರಿಗೆ ಬೇಕೋ ಅವರು ಕೊಂಡೊಯ್ಯಲಿ.

ಯಾರ ಮೇಲೂ ಕೋಪವಿಲ್ಲ. ಕಾರಣ ಕೇಳಬೇಡ.

ಅಕ್ಕ

ಅಕ್ಟೋಬರ್ 20

ಅಕ್ಕ,

ನಿನ್ನ ಪತ್ರ ಬಂದು ಒಂದು ವಾರವಾಯಿತು. ಮೂರು ಉತ್ತರ ಬರೆದು ಮೂರನ್ನೂ ಹರಿದೆ. ಮೊದಲನೆಯದರಲ್ಲಿ ಇದ್ದ ಬೈಗುಳವನ್ನು ಅಂಚೆಯವರು ಒಯ್ಯಲು ಒಪ್ಪುತ್ತಿರಲಿಲ್ಲ.

ಆರು ವಾರ ಬೀಟ್‌ರೂಟ್ ಕತ್ತರಿಸಿ, ಅದರ ತಟ್ಟೆ ಉಜ್ಜಿ ನನ್ನ ಅಂಗೈ ಕೆಂಪಾಗಿದೆ. ಬ್ಯಾಂಕಿನಲ್ಲಿ ಸಹಿ ಹಾಕಲು ಹೋದರೆ ಗುಮಾಸ್ತೆ, "ಏನ್ ಸಾರ್, ಕೊಲೆಗಿಲೆ ಮಾಡಿದ್ರಾ?" ಎಂದಳು. ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಅಳತೆಗೆ ಹೋಗುವಾಗಲೂ ಅಷ್ಟು ಬೇಗ ಎದ್ದವನಲ್ಲ. ಇಷ್ಟೆಲ್ಲ ಮಾಡಿಸಿ, ಒಂದು ಲಕೋಟೆಯಲ್ಲಿ ಎಲ್ಲ ಮುಗಿಸುತ್ತೀಯ, ಕಾರಣ ಕೇಳಬೇಡ ಎನ್ನುತ್ತೀಯ! ಗುಬ್ಬಿ ಒಲೆ ಮುಟ್ಟಿದಳು ಎಂದು ಹದಿನೆಂಟು ವರ್ಷದ ಕೌಂಟರ್ ಮುಚ್ಚುವಷ್ಟು ಸಣ್ಣವಳೇ ನನ್ನ ಅಕ್ಕ ಎಂದು ಅಸಹ್ಯವಾಯಿತು. ಅದನ್ನೇ ಬರೆದೂ ಇದ್ದೆ.

ಆದರೆ ನಿನ್ನೆ ಚಿಕ್ಕಮ್ಮ ಫೋನ್ ಮಾಡಿದಳು. ನೀನು ಒಲೆಯ ಪಕ್ಕದಲ್ಲೇ ಕೂತು ಪುಸ್ತಕ ಓದುತ್ತಿದ್ದೆಯಂತೆ. ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿ, ಬಟ್ಟೆ ಒಗೆಯುತ್ತಿದ್ದ ಚಿಕ್ಕಮ್ಮ ಹಿತ್ತಲಿನಿಂದ ಓಡಿಬಂದಳಂತೆ. ನೀನು ತಲೆಯೆತ್ತಿ, "ಏನಾಯ್ತು ಚಿಕ್ಕಮ್ಮ?" ಎಂದೆಯಂತೆ.

ಅಕ್ಕ, ನಿನಗೆ ವಾಸನೆ ಬರುತ್ತಿಲ್ಲವಾ?

ನಿನ್ನ ಲಕೋಟೆ ನನ್ನ ಜೇಬಿನಲ್ಲೇ ಇದೆ. ಉತ್ತರ ಬರುವವರೆಗೆ ಯಾರಿಗೂ ಕೊಡುವುದಿಲ್ಲ.

ತಮ್ಮ

ಅಕ್ಟೋಬರ್ 24

ತಮ್ಮ,

ಬರುತ್ತಿಲ್ಲ.

ಬಿದ್ದ ದಿನದಿಂದಲೇ ಇಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಇಲ್ಲಿ ಫಿನಾಯಿಲ್ ವಾಸನೆ ಇಲ್ಲವಲ್ಲ, ಎಷ್ಟು ಒಳ್ಳೆಯ ಆಸ್ಪತ್ರೆ ಎಂದುಕೊಂಡೆ. ಮೂರನೇ ದಿನ ಸಾಬೂನು ಮೂಸಿದೆ. ಏನೂ ಇಲ್ಲ. ಕಿತ್ತಳೆ ಸುಲಿದೆ, ಉಗುರಿನಲ್ಲಿ ಸಿಪ್ಪೆ ಚುಚ್ಚಿದೆ, ಕಣ್ಣಿಗೆ ಹಾರಿತು, ಕಣ್ಣು ಉರಿಯಿತು, ಮೂಗಿಗೆ ಏನೂ ಇಲ್ಲ. ಬಿದ್ದಾಗ ಮೂಗಿನ ಮೇಲಿನ ನರ ಹರಿದಿರಬಹುದು, ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ದಿನಕ್ಕೆ ಎರಡು ಸಲ ನಿಂಬೆ, ಲವಂಗ ಮೂಸಿ ಅಭ್ಯಾಸ ಮಾಡಬೇಕಂತೆ. ಎರಡು ತಿಂಗಳಿಂದ ಖಾಲಿ ಡಬ್ಬಿ ಮೂಸಿದ ಹಾಗೆ ಮೂಸುತ್ತಿದ್ದೇನೆ. ನನಗೆ ಶೀತ ಎಂದು ಚಿಕ್ಕಮ್ಮನಿಗೆ ಹೇಳಿದ್ದೆ. ಎರಡು ತಿಂಗಳ ಶೀತ! ಅವಳೂ ನಂಬಿದಳು.

ತಿನ್ನುವುದೆಲ್ಲ ಬಿಸಿ ಅಥವಾ ತಣ್ಣಗೆ, ಮೆತ್ತಗೆ ಅಥವಾ ಗಟ್ಟಿ. ಅಷ್ಟೇ. ನಿನಗೆ ಮೂವತ್ತೆರಡು ನಿಮಿಷ ಎಂದು ಬರೆದದ್ದು ನೀನು ದಡ್ಡ ಎಂದಲ್ಲ. ನನ್ನ ಬಳಿ ಉಳಿದದ್ದು ಗಡಿಯಾರ ಒಂದೇ. ವಾಸನೆ ಬರೆ ಬರೆ ಎಂದು ಪೀಡಿಸಿದ್ದು, ಯಾರಾದರೂ ಸರಿಯಾಗಿ ಹೇಳಿದರೆ ಒಳಗೆಲ್ಲಾದರೂ ನೆನಪಾದೀತು ಎಂದು. ನಿನ್ನ "ಬೀಟ್‌ರೂಟಿನ ವಾಸನೆ" ಓದಿದಾಗ ಕಾಗದವನ್ನು ಮುದ್ದೆ ಮಾಡಿ ಗೋಡೆಗೆ ಎಸೆದೆ.

ಗುಬ್ಬಿಯ ಮಾತು ಓದಿದಾಗ ನೆನಪಾಯಿತು. ಅದೂ ಸಂಕಟವೇ. ಎಲ್ಲ ನೆನಪಿದೆ, ಏನೂ ಬರುತ್ತಿಲ್ಲ. ನನ್ನ ಓವನ್ ಮುಂದೆ ನಿಂತು ಅವಳನ್ನು, "ಆಗಿದೆಯೇನಮ್ಮ?" ಎಂದು ಕೇಳಬೇಕಾದ ದಿನ ಬಂತಲ್ಲ ಎಂದು ಲಕೋಟೆ ಕಳಿಸಿದೆ. ಅವಳಿಗೆ ನಾನು ಹೇಳಿದ ಮಾತು ನನಗೂ ನೆನಪಿದೆ. ಸಾಲಿನಲ್ಲಿ ನಿಂತವರು ನಕ್ಕರು.

ಈಗ ತಿಳಿಯಿತಲ್ಲ. ಲಕೋಟೆ ಕೊಡು.

ಅಕ್ಕ

ಅಕ್ಟೋಬರ್ 29

ಅಕ್ಕ,

ಕೊಡುವುದಿಲ್ಲ.

ನಿನ್ನ ಪತ್ರವನ್ನು ಗುಬ್ಬಿಗೆ ಓದಿ ಹೇಳಿದೆ. ಬೈಯಬೇಕಾದರೆ ಬೈ, ನಿನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ. ಸಿಂಕಿನ ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಬಂದದ್ದು ಸಿಟ್ಟು. "ಅಕ್ಕೋರಿಗೆ ಬುದ್ಧಿ ಇಲ್ವಾ ಸಾರ್? ನಿಂಬೆ, ಲವಂಗ ಮೂಸ್ತಾ ಕೂತ್ರೆ ಏನ್ ಬರುತ್ತೆ? ಅವ್ರು ಹದಿನೆಂಟು ವರ್ಷ ಮೂಸಿದ್ದು ಸೋಂಪನ್ನ. ಅದನ್ನ ಕಳ್ಸೋಣ" ಎಂದಳು. ಅವಳು ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು.

ನಾಳೆ ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಒಂದು ಡಬ್ಬಿ ಮತ್ತು ಈ ಪತ್ರ ಕಳಿಸುತ್ತಿದ್ದೇನೆ. ಒಳಗಿರುವುದು ಇವತ್ತು ಸುಟ್ಟ ಸೋಂಪು ಮಾತ್ರ, ಬೀಟ್‌ರೂಟ್ ಇಲ್ಲ. ಐದು ಗಂಟೆಯ ದಾರಿ, ಕೆಡುವುದಿಲ್ಲ. ಪ್ರತಿ ಸೋಮವಾರ, ಗುರುವಾರ ಬರುತ್ತದೆ. ಮೂಸು, ತಿನ್ನು, ಏನಾದರೂ ಮಾಡು.

ಏನೂ ಬರದಿದ್ದರೂ ಕೌಂಟರ್ ಮುಚ್ಚುವ ಮಾತಿಲ್ಲ. ನಿನಗೆ ಕೈ ಇದೆ, ಅವಳಿಗೆ ಮೂಗಿದೆ. ನನಗೆ ನಕ್ಷೆ ಇದೆ.

ತಮ್ಮ

ಅಕ್ಟೋಬರ್ 30

ತಮ್ಮ,

ಏನು ಕಳಿಸಿದಿರಿ ನೀವಿಬ್ಬರೂ?

ಮಧ್ಯಾಹ್ನ ಡಬ್ಬಿ ಬಂತು. ಮುಚ್ಚಳ ತೆಗೆದೆ. ಒಳ್ಳೆಯ ಬಣ್ಣ, ಅಂಚು ಕಂದು, ನಾನೇ ಮಾಡಿದ ಹಾಗಿತ್ತು. ಮೂಸಿದೆ. ಏನೂ ಇಲ್ಲ. ಇನ್ನೊಮ್ಮೆ ಮೂಸಿದೆ. ಏನೂ ಇಲ್ಲ. ಸಿಟ್ಟಿನಲ್ಲಿ ಒಂದು ಹೋಳು ಬಾಯಿಗೆ ಹಾಕಿಕೊಂಡು ಅಗಿದೆ. ಆಗ ಗಂಟಲಿನ ಹಿಂದಿನಿಂದ ಮೂಗಿಗೆ ಏರಿತು ನೋಡು, ಟೈರು ಸುಟ್ಟ ವಾಸನೆ. ಲಾರಿಯ ಟೈರು. ಅದರ ಮೇಲೆ ಯಾರೋ ಸೀಮೆಎಣ್ಣೆ ಸುರಿದ ಹಾಗೆ. ಉಗುಳಿ, ಬಾಯಿ ತೊಳೆದು, ಗುಬ್ಬಿ ಸೇಡು ತೀರಿಸಿಕೊಂಡಳು ಎಂದು ಕೂಗಾಡಿದೆ. ಚಿಕ್ಕಮ್ಮ ಓಡಿಬಂದು ಒಂದು ಹೋಳು ತಿಂದು, "ಏನೇ ನಿಂಗೆ? ಎಷ್ಟು ಚೆನ್ನಾಗಿದೆ!" ಎಂದಳು.

ಅಷ್ಟು ಹೊತ್ತಿಗೆ ನನಗೆ ಹೊಳೆಯಿತು. ವಾಸನೆ ಬಂದಿದೆ!

ಚಪ್ಪಲಿ ಬದಲಾಗಿದ್ದನ್ನೂ ನೋಡದೆ ಡಾಕ್ಟರ ಹತ್ತಿರ ಓಡಿದೆ. ಅವರು ಬಿದ್ದು ಬಿದ್ದು ನಕ್ಕರು. "ಅಮ್ಮಾ, ಏನೂ ಬರ್ದೇ ಇರೋದಕ್ಕಿಂತ ತಪ್ಪಾಗಿ ಬರೋದು ಒಳ್ಳೇದು. ನರ ಎದ್ದಿದೆ. ಇನ್ನೂ ನಿದ್ದೆಗಣ್ಣಲ್ಲಿದೆ, ಅಷ್ಟೇ" ಎಂದರು. ಸರಿಹೋಗಲು ಆರು ತಿಂಗಳೋ ವರ್ಷವೋ ಹಿಡಿಯುತ್ತದಂತೆ, ಪೂರ್ತಿ ಸರಿಹೋಗುತ್ತದೆಂದು ಮಾತು ಕೊಡಲಾರರಂತೆ. ಅಷ್ಟು ದಿನ ಏನೇನು ಏನೇನಾಗಿ ನಾರುತ್ತದೋ ದೇವರೇ ಬಲ್ಲ. ಇವತ್ತು ಸಂಜೆಯ ಕಾಫಿ ಒದ್ದೆ ನಾಯಿಯ ಹಾಗಿತ್ತು.

ಲಕೋಟೆ ಹರಿದುಹಾಕು. ಎಂಟನೇ ತಾರೀಖು ಬೆಳಗಿನ ಬಸ್ಸಿಗೆ ಬರುತ್ತೇನೆ. ಗುಬ್ಬಿಗೆ ನೀನು ಏನೂ ಹೇಳಬೇಡ, ನಿನ್ನ ಬಾಯಿಗೆ ಬಿದ್ದರೆ ಎಲ್ಲ ವರದಿಯಾಗಿಬಿಡುತ್ತದೆ. ಅವಳಿಗೆ ಹೇಳಬೇಕಾದದ್ದನ್ನು ಹನ್ನೆರಡೂವರೆಗೆ, ಸಾಲು ತುಂಬಿರುವಾಗ, ನಾನೇ ಹೇಳುತ್ತೇನೆ. ಓವನ್ ಅವಳದು. ಕತ್ತರಿಸುವುದು ನನ್ನದು. ಪಾತ್ರೆಗೆ ಬೇರೆ ಜನ ಸಿಗುವವರೆಗೆ ನೀನೇ. ತಕರಾರು ಬೇಡ.

ನಿನಗೆ ಅಷ್ಟು ನಾರುವುದಾದರೆ ಡಬ್ಬಿಯನ್ನು ಹಿತ್ತಲಿಗೆ ಎಸೆ ಎಂದು ಚಿಕ್ಕಮ್ಮ ರಾತ್ರಿ ಊಟದವರೆಗೂ ಗೊಣಗಿದಳು. ಎಸೆಯಲಿಲ್ಲ. ಅಡುಗೆಮನೆಯಲ್ಲಿ ಕೂತು ಒಂದೊಂದೇ ಹೋಳು ತಿಂದೆ. ಮೂಗು ಮುಚ್ಚಿಕೊಳ್ಳಲಿಲ್ಲ. ಟೈರು, ಟೈರು, ಟೈರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಗುವೂ ಬರುತ್ತಿತ್ತು. ತಳದಲ್ಲಿ ಉಳಿದಿದ್ದ ಎಣ್ಣೆಯನ್ನೂ ಬೆರಳಿನಲ್ಲಿ ಒರೆಸಿ ನೆಕ್ಕಿದೆ.

ನಿನ್ನ ಅಕ್ಕ